ಸಂಶೇದ ದುಂಡವ್ವ ಮಿಷಿನ್ ತಂದದ್ದು

ಕಾಲು ಒಳಗ ಎಳಕೋ ಪುಟ್ಟಿ, ಕೌದಿ ಪೂರಾ ನಿನ್ನ ಮ್ಯಾಲೇ ಐತಿ, ಮತ್ತ ಥಂಡಿ ಅಂತೀ. ಹೂಂ ಅನಕೋತ ಕೇಳಬೇಕು ನೋಡು, ನಿನ್ನ ಹೂಂ ನಿಂತ್ರ ನನ್ನ ಕತೀನೂ ನಿಲ್ತದ.

ಒಂದಾನೊಂದು ಕಾಲದಾಗ, ಹೊಲಿಗಿ ಮಿಷಿನ್ ಬಂತಂದ್ರ ಊರಮಂದಿ ಎಲ್ಲಾ ನೋಡಾಕ ಓಡಿ ಬರತಿದ್ದ ಕಾಲದಾಗ, ದುಂಡವ್ವ ಅಂತ ಒಬ್ಬಾಕಿ ಇದ್ಲಂತ. ಹಳೇ ಸೀರಿ ಪದರು ಕೂಡಿಸಿ ಕೌದಿ ಹೊಲಿಯೂದ್ರಾಗ ಆಕಿನ್ನ ಮೀರಿಸಾವ್ರು ಯಾರೂ ಇರ್ಲಿಲ್ಲಂತ, ಸಂಶೇ ಪಡೂದ್ರಾಗೂ ಇರ್ಲಿಲ್ಲಂತ. ಗೌಳ್ಯಾರು ಹಾಲು ಹಾಕಿದ್ರ ಉಗುರ ಮ್ಯಾಲೆ ಹನಿ ಬಿಟ್ಟು ನೋಡೂದು, ನೆರಮನಿಯಾಕಿ ಹೋಳಿಗಿ ಕೊಟ್ರ ಮೊದಲ ಆಕಿ ಬಾಯಿಗೇ ತುರುಕೂದು, ಆಮ್ಯಾಲೆ ಗುಡಿಯಾಗ ಪೂಜಾರಿ ತೀರ್ಥ ಕೊಟ್ರ ಅದನ್ನೂ ಮೂಸಿ ನೋಡೂದು. ಥೂ, ಅದೂ ಒಂದು ಬದುಕೇನು!

ಆಕಿಗೆ ಒಬ್ಬಾಕೇ ಮಗಳು, ಚಂಪವ್ವ. ಚೊಚ್ಚಲ ಬಸುರಿ, ಹಡಿಯಾಕ ತವರಮನಿಗೆ ಬಂದಿದ್ಲಂತ. ಕೂಸು ಹುಟ್ಟಿದ್ರ ತೊಟ್ಟಿಲದಾಗ ತವರಿನ ಕೌದಿ ಹಾಸಬೇಕು, ಅದೂ ಹಿರ್ಯಾರ ಸೀರಿದು. ದುಂಡವ್ವನ ಕಡೆ ಸತ್ತುಹೋದ ಅವರವ್ವನ ಇಳಕಲ್ಲ ಸೀರಿ ಒಂದೇ ಒಂದು ಉಳದಿತ್ತಂತ. ಏನ ಮಾಡತಿ, ಅಷ್ಟರಾಗ ಆಕಿ ಹೆಬ್ಬೆರಳು ಬಾತು ಸೂಜಿ ದೂಡಾಕ ಬರದಂಗಾತು. ಬ್ಯಾರೇದಾಕಿ ಕೈಗೆ ಕೊಡೂಣಂದ್ರ, ಅವರವ್ವನ ಸೀರಿ ಅರ್ಧ ಕದ್ದು ಇಟಗೊಂಡ್ರ? ಬ್ಯಾಡವ್ವ ಬ್ಯಾಡ, ಮಿಷಿನ್ನೇ ತರತೀನಿ ಅಂತ, ಹೊಲಿಸಿ ನೋಡಾಕ ಹರಕ ಅರಿವಿ ಪದರು ಪದರು ಮಡಚಿ ಗಂಟು ಕಟಗೊಂಡು, ಗಾಡಿ ಹೂಡಿಸಿ ಪ್ಯಾಟಿಗೆ ಹ್ವಾದ್ಲಂತ.

ಅಲ್ಲಿ ಪಾಯಪ್ಪ ಸಾವ್ಕಾರಂದು ಮಿಷಿನ್ ಅಂಗಡಿ. ಬಾ ಯವ್ವಾ ಅಂತ ಕರದು, ಬಂಗಾರದ ಹೂವಿನ ಚಿತ್ರ ಬಿಡಿಸಿದ ಒಂದು ಮಿಷಿನ್ ತೋರಿಸಿದ್ನಂತ. ತೆಳ್ಳನ ಮಲ್ಲಿನ ಅರಿವಿ ಮ್ಯಾಲೆ ಟಕಟಕಟಕ ಓಡಿಸಿದ, ಏನ ಚಂದ! ಬೆಳ್ಳಗಿದ್ದದ್ದೆಲ್ಲಾ ಹಾಲಲ್ಲ ಸಾವ್ಕಾರ್ರ, ನಿಮ್ಮ ಅರಿವಿ ಬ್ಯಾಡ, ನನ್ನ ಗಂಟು ಹೊಲೀರಿ ಅಂದ್ಲಂತ ದುಂಡವ್ವ. ದಪ್ಪ ಅರಿವಿ ಒಳಗ ಸಿಕ್ಕೂದಕ್ಕ ಸೂಜಿ ಫಟ್ ಅಂತ ಮುರೀತು. ನೋಡಿದೇನು, ಸಂಶೇ ಒಮ್ಮೊಮ್ಮೆ ಉಪಯೋಗಕ್ಕೂ ಬರ್ತದ.

ಆಮ್ಯಾಲೆ ಮೂಲ್ಯಾಗ ಗೋಣಿಚೀಲ ಹೊಚ್ಚಿಟ್ಟ ಒಂದು ಮಿಷಿನ್ ಆಕಿ ಕಣ್ಣಿಗೆ ಬಿತ್ತು. ಅದು ಬ್ಯಾಡ ಯವ್ವಾ, ಅದು ತೊಗಲು ಹೊಲಿಯೂದು ಅಂದ ಸಾವ್ಕಾರ. ಹಾಂ, ಬ್ಯಾಡ ಅಂತಾನಂದ್ರ ಛಲೋದು ಅದೇ ಇರಬೇಕು, ಮುಚ್ಚಿಟ್ಟಾನ ಕಳ್ಳ, ಅನಕೊಂಡ ದುಂಡವ್ವ ಅದನ್ನೇ ತಗಸಿದ್ಲಂತ. ಹೊಲದ್ರ ಒಂದೊಂದು ತೂತಿನಾಗ ಜೋಳದ ಕಾಳು ಹಾಯತಿತ್ತು! ಪುಣ್ಯಾ, ಅವರವ್ವನ ಸೀರಿ ಮನ್ಯಾಗ ಇತ್ತು.

ಮೂರನೇದು ಕರೀದು, ಕಾಲಿಲೆ ತುಳಿಯೂದು. ಸಾವ್ಕಾರ ಸಾಕಾಗಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲಂತ. ಹೊಗಳಲಿಲ್ಲ ಅಂದಮ್ಯಾಲೆ ಮೋಸ ಇರಲಿಕ್ಕಿಲ್ಲ ಅಂತ ಅದಕ್ಕ ಗಂಟು ಕೊಟ್ಲು. ಗುಡಗುಡ ಅಂತ ಪದರು ಎಲ್ಲಾ ದಾಟಿ ಹೊಲೀತು. ತಗೊಂಡು, ದಾರ್ಯಾಗ ಯಾರರ ಬದಲಿ ಮಾಡ್ಯಾರಂತ ಅದನ್ನ ಅಪ್ಪಿಕೊಂಡೇ ಗಾಡ್ಯಾಗ ಕೂತು ಬಂದ್ಲಂತ. ನಗಬ್ಯಾಡ, ಹೂಂ ಅನ್ನು.

ಮನಿಗೆ ಬಂದು ಅವರವ್ವನ ಸೀರಿ ಹಾಸಿ, ಕೈಲೆ ಹೊಲಿಯೂವಂಗೇ ಅಂಚಿನಿಂದ ಶುರು ಮಾಡಿ, ಸುತ್ತ ಸುತ್ತ ನಡಕ್ಕ ಬಂದ್ಲು. ಕೌದಿ ಹೊಲಿಯಾವ್ರೆಲ್ಲಾ ಹಂಗೇ ಹೊಲಿಯೂದು. ಬಂದು ನೋಡ್ತಾಳ, ನಡುವ ಅರಿವಿ ಪೂರಿ ಉಬ್ಬಿದಂಗ ಉಬ್ಬಿ ಕುಂತೈತಿ! ಸಾವ್ಕಾರ ಬ್ಯಾರೇ ಮಿಷಿನ್ ಹೇರಿಸ್ಯಾನ ಅಂತ ಬೈದು ಬಿಚ್ಚಿದ್ಲು. ಎರಡನೇ ಸಲ ಹೊಲದ್ಲು, ಮತ್ತ ಉಬ್ಬಿತು. ನೆರಮನಿಯಾಕಿ ಕಣ್ಣು ತಾಗಿತು ಅಂತ ಮಿಷಿನ್ನಿಗೆ ನಿಂಬಿಹಣ್ಣು ಕಟ್ಟಿ, ಹೊಲಿಗಿ ಬಿಚ್ಚಿದ್ಲು. ಮೂರನೇ ಸಲಾನೂ ಅದೇ ಹಾಡು. ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ, ಹಂಗಾತು.

ಆಗ ಯಾರ ಮ್ಯಾಲೆ ಹ್ವಾದ್ಲು ಗೊತ್ತೇನು? ತುಂಬಿದ ಬಸುರಿ ಮಗಳ ಮ್ಯಾಲೆ! ನಾ ಮಲಗಿದಾಗ ನೀ ಮಿಷಿನ್ನಾಗ ಏನೋ ತಿರುವೀದಿ, ಗಂಡನ ಮನ್ಯಾವ್ರ ಕೌದೀನೇ ಹಾಸೂಣಂತ ಮಾಡೀದಿ ಅಂದ್ಲಂತ. ಅಯ್ಯ ಯವ್ವಾ, ನಾ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿ, ನನ್ನ ಮ್ಯಾಲೂ ಸಂಶೇನ? ಅಂತ ಚಂಪವ್ವ ಬಿಕ್ಕಿ ಬಿಕ್ಕಿ ಅತ್ಲಂತ. ನನಗೆ ಈಗ ಹೇಳಾಕೂ ಸಂಕಟ ಆಗತೈತಿ ನೋಡು.

ಬಿಚ್ಚಿ ಬಿಚ್ಚಿ ಸೀರಿ ಎಳಿ ಎಳಿ ಜಾಳಾಗಿತ್ತು. ಇದೊಂದ್ಸಲ ಹೆಂಗರ ಬಿಚ್ಚಬಹುದು, ಮತ್ತೊಂದ್ಸಲ ಬಿಚ್ಚಿದ್ರ ಹರಕೊಂಡು ಹೋಗೂದೇ. ಚಂಪವ್ವ ಅಳಕೋತನ ಆ ಉಬ್ಬಿದ ಕೌದಿ ಮ್ಯಾಲೆ ಕೈ ಆಡಿಸಿದ್ಲು. ಆಮ್ಯಾಲೆ ಅಂದ್ಲಂತ, ಯವ್ವಾ, ಮಿಷಿನ್ ಅರಿವೀನ ಮುಂದ ಮುಂದ ದೂಡತೈತಿ. ಸುತ್ತಲೂ ಹೊಲದು ಬಂದ್ರ ನಡುವ ಕೂಡಿದ್ದು ಎಲ್ಲಿಗೆ ಹೋಗಬೇಕು? ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗೂಣು.

ದುಂಡವ್ವಗ ಸಿಡಿಲು ಬಡದಂಗಾತು. ಯಾಕಂದ್ರ ಕೌದಿಗೆ ನಡುವ ಒಂದು ಹೊಟ್ಟಿ ಇರತೈತಿ ಪುಟ್ಟಿ. ಎಲ್ಲಾ ಹೊಲದಾದ ಮ್ಯಾಲೆ ಅಲ್ಲಿ ಒಣರೊಟ್ಟಿ ತುಣುಕು ಇಟ್ಟು ಮುಚ್ಚತಾರ, ಇಲ್ಲಂದ್ರ ಹಸದ ಕೌದಿ ಮಲಗಿದಾವ್ರ ಮೈ ಬಿಸೀನೇ ತಿಂತದಂತ. ನಡುವಿಂದ ಹೊಲದ್ರ ಕಡೀಕ ಹೊಟ್ಟಿ ತುಂಬೂದು ಹೆಂಗ, ನಮ್ಮವ್ವ ಹೇಳಿದ್ದು ಸುಳ್ಳೇನು ಅಂತ ಜಗಳಕ್ಕ ನಿಂತ್ಲಂತ. ಚಂಪವ್ವ ಅಂದ್ಲು, ಮೊದಲ ಉಣಿಸು ಯವ್ವಾ. ಕೂಸಿಗೆ ಯಾರರ ಕಡೀಕ ಉಣಿಸತಾರೇನು?

ಅಷ್ಟು ಅಂದು ಸೊಂಟ ಹಿಡಕೊಂಡ್ಲಂತ. ನೋವು ಸುರುವಾಗಿತ್ತು.

ಚೂರು ಅರಿವಿ ಮ್ಯಾಲೆ ಹೊಲದು ನೋಡತೀನಿ ಅಂತ ದುಂಡವ್ವ ಬಾಯಿತನಕ ತಂದ ಮಾತು ನುಂಗಿದ್ಲಂತ. ಜನ್ಮದಾಗ ಮೊದಲನೇ ಸಲ, ನೋಡದ, ಮೂಸದ, ಮಗಳ ಮಾತು ನಂಬಿದ್ಲು. ಹೊಲಿಗಿ ಹಗೂರಕ ಬಿಚ್ಚಿ, ರೊಟ್ಟಿ ತುಣುಕು ನಡುವ ಇಟ್ಟು, ತಾನು ಕಾಲಿಲೆ ತುಳಿಯಾಕ ಕುಂತ್ಲು, ಹೊಲದು ಬಿಚ್ಚಿ ಹೊಲದು ಬಿಚ್ಚಿ ಹೆಬ್ಬೆರಳು ಇನ್ನೂ ಬಾತು ಈಗ ಅರಿವಿ ಹಿಡಿಯಾಕೂ ಬರ್ತಿರ್ಲಿಲ್ಲ ನೋಡು, ಅದಕ್ಕ ಚಂಪವ್ವ ಹಲ್ಲು ಕಡಕೊಂಡು ಸೀರಿ ಹಿಡದ್ಲು. ನೋವು ಬಂದಾಗ ನಿಂದ್ರೂದು, ಹೋದಾಗ ತುಳಿಯೂದು. ಅಂಚು ಮುಟ್ಟಿದಾಗ ಕೌದಿ ಅಂಗಳ ಸಾರಿಸಿದಂಗ ಸಪಾಟಾಗಿತ್ತಂತ. ಆಮ್ಯಾಲೆ ಸೂಲಗಿತ್ತಿ ಬಂದ್ಲು, ಹೆಣ್ಣು ಕೂಸು ಹುಟ್ಟಿತು. ಸೂಲಗಿತ್ತಿ ಹೆಣ್ಣು ಅಂದ್ರೂ ದುಂಡವ್ವ ಅರಿವಿ ಸರಿಸಿ ನೋಡೇ ಬಿಟ್ಲಂತ, ಎಲ್ಲಾ ಸಂಶೇ ಒಂದೇ ದಿನಕ್ಕ ಹೋದಾವೇನು!

ತೊಟ್ಟಿಲದ ದಿನ ಊರ ಹೆಣ್ಮಕ್ಕಳು ಕೌದಿ ಹಿಂದ ಮುಂದ ತಿರುವಿ ತಿರುವಿ ನೋಡಿದ್ರಂತ. ಒಂದು ನೆರಿಗಿ ಇಲ್ಲಲ್ಲ ದುಂಡವ್ವಾ, ಏನ ಕೈ ನಿಂದು ಅಂದ್ರು. ತನ್ನ ಕೌದಿಗೆ ಒಬ್ಬರ ಕೈ ಸೋಕಿಸಿಕೊಳ್ಳದಾಕಿ, ಎಲ್ಲಾರ ಮುಂದ ಸೆರಗಿನಿಂದ ಕಣ್ಣು ಒರಸಿಕೊಂಡು ಅಂದ್ಲಂತ, ಹೊಲದಾಕಿ ನನ್ನ ಮಗಳು, ನಾ ಬರೇ ತುಳದೇನಿ.

ಅವ್ವ ಮಗಳು ಮೊಮ್ಮಗಳು ಬೆಚ್ಚಗ ಉಳದ್ರು, ನಾ ಇಲ್ಲಿಗೆ ದಾರ ಹರದೆ, ಕತಿ ಮುಗೀತು. ಪುಟ್ಟೀ? ಹೂಂ ಅನ್ನವಲ್ದು, ಮಲಗೇತಿ ಕಾಣಸತೈತಿ.