ಮಸಿ ಹಚ್ಚದ ಓಲೆ

ವಿಜಯನಗರ ಬಿದ್ದ ವರ್ಷದ ಮಾತು. ಪಟ್ಟಣದಿಂದ ಮೂರು ದಿನದ ಹಾದಿ, ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಕಲ್ಲಿನಾಥ ಒಡೆಯರೂ ಅವರ ಶಿಷ್ಯ ಬೊಮ್ಮಣ್ಣನೂ ಹುಳ ಹಿಡಿದ ಹಳೆಯ ಪುಸ್ತಕಗಳನ್ನು ಹೊಸ ತಾಳೆಯೋಲೆಗೆ ಇಳಿಸುತ್ತಿದ್ದರು.

ಓಲೆಯ ಮೇಲೆ ಉಕ್ಕಿನ ಕಂಟದಿಂದ ಕೊರೆದ ಅಕ್ಷರ ಮೊದಲು ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ಮಸಿ ಹಚ್ಚಿ ಒರೆಸಿದಾಗಲೇ ಎದ್ದು ಬರುತ್ತದೆ. ಕೊನೆಯ ಓಲೆಗೆ ಗುರುವೇ ಮಸಿ ಹಚ್ಚಬೇಕು ಎಂಬುದು ಆ ಮಠದ ಪದ್ಧತಿ.

ಒಂದು ಬೆಳಿಗ್ಗೆ ಹೊಳೆಯಾಚೆಯಿಂದ ಮದ್ದು ಕೊಡುವ ಲಿಂಗವ್ವ ಬಂದಳು. ಇಳಿಸಲು ಕೊಟ್ಟಿದ್ದ ತನ್ನ ಮನೆಯ ವೈದ್ಯದ ಪುಸ್ತಕ ಕೇಳಿದಳು.

“ಪಟ್ಟಣ ಬಿಟ್ಟು ಬಂದ ಮಂದಿ ನಮ್ಮ ಹಟ್ಟಿ ತುಂಬಾ ಅವ್ರೆ. ಹನ್ನೆರಡು ಜನಕ್ಕೆ ಚಳಿಜ್ವರ. ಒಂದು ಕೂಸು ನೆನ್ನೆ ಹೋಯ್ತು. ಅದಕ್ಕೆ ಕಷಾಯ ಮಾಡೋದು ನಮ್ಮತ್ತೆಗೆ ಬಾಯಲ್ಲೇ ಇತ್ತು. ಆಕಿ ಹೋದ್ಮ್ಯಾಲೆ ಯಾರಿಗೂ ಗೊತ್ತಿಲ್ಲ.”

“ಕೊನೆಯ ಓಲೆ ಆಗಿಲ್ಲ, ತಾಯಿ,” ಎಂದ ಬೊಮ್ಮಣ್ಣ. ತಲೆ ಎತ್ತಲಿಲ್ಲ.

“ಆಗೋ ತನಕ ಇಲ್ಲೇ ಕೂರ್ತೀನಿ,” ಎಂದು ಅವಳು ಜಗಲಿಯ ಮೇಲೆ ಕುಳಿತಳು. ಬೊಮ್ಮಣ್ಣ ಎದ್ದು ಒಳಗೆ ಹೋದ.

ಒಡೆಯರು ಒಳಗೆ ಹೋಗಿ ನೋಡಿದರು. ಬೊಮ್ಮಣ್ಣ ಬೆಂಕಿಯ ಮುಂದೆ ಕೂತಿದ್ದ. ಕೊನೆಯ ಓಲೆ ಅವನ ಕೈಯಲ್ಲೇ ಇತ್ತು.

“ಆಗಿಲ್ಲ ಅಂದೆಯಲ್ಲಪ್ಪಾ?”

“ಆಗಿದೆ, ಬುದ್ಧಿ. ಯುದ್ಧಕ್ಕೆ ಮುಂಚೆಯೇ ಆಗಿತ್ತು. ಅದೇ ನನ್ನ ತಪ್ಪು.”

ಪುಸ್ತಕದ ಕೊನೆಯಲ್ಲಿ ಸಂವತ್ಸರವನ್ನೂ ಆಳುವ ಅರಸನನ್ನೂ ಹೇಳಿ ಮುಗಿಸುವುದು ವಾಡಿಕೆ. ಬೊಮ್ಮಣ್ಣ ಅವಸರಪಟ್ಟು ಅದನ್ನು ಮೊದಲೇ ಕೊರೆದಿಟ್ಟಿದ್ದ. ರಕ್ತಾಕ್ಷಿ ಸಂವತ್ಸರದಲ್ಲಿ, ನಮ್ಮ ರಾಯರು ಹಗೆಗಳನ್ನು ಗೆದ್ದು ಬಂದು ಸುಖವಾಗಿ ಆಳುತ್ತಿರುವಾಗ ಈ ಪುಸ್ತಕ ಮುಗಿಯಿತು, ಎಂದು. ಅವನೊಬ್ಬನದೇ ತಪ್ಪು ಎನ್ನುವ ಹಾಗೂ ಇಲ್ಲ. ಆಗ ಊರಿಗೆ ಊರೇ ಮನಸ್ಸಿನಲ್ಲಿ ಯುದ್ಧ ಗೆದ್ದು ಕೂತಿತ್ತು. ಸೋಲಿನ ಮಾತೆತ್ತಿದವರನ್ನು ಮಕ್ಕಳೂ ಆಡಿಕೊಳ್ಳುತ್ತಿದ್ದರು.

ಈಗ ಆ ಅರಸನೇ ಇಲ್ಲ. ಪಟ್ಟಣದ ಪೂಜಾರಿಗಳು ದೇವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಠದ ಮುಂದಿನ ದಾರಿಯಲ್ಲೇ ದಕ್ಷಿಣಕ್ಕೆ ಹೋಗಿದ್ದರು.

“ಸುಳ್ಳು ಬರೆದೆನಲ್ಲ ಎಂದು ನಾಚಿಕೆಯೇ?”

“ನಾಚಿಕೆಯಾದರೆ ನುಂಗಿಕೊಳ್ಳುತ್ತಿದ್ದೆ, ಬುದ್ಧಿ.” ಬೊಮ್ಮಣ್ಣ ಓಲೆಯನ್ನು ಬೆಂಕಿಯತ್ತ ಚಾಚಿದ. “ನನ್ನ ತಮ್ಮ ಸಿಂಗಣ್ಣ, ದಂಡಿಗೆ ಹೋಗಲೋ ಬೇಡವೋ ಎಂದು ನನ್ನನ್ನು ಕೇಳಲು ಬಂದಿದ್ದ. ನಾನು ಬಾಯಿ ತೆರೆಯಲಿಲ್ಲ, ಈ ಓಲೆ ಕೊಟ್ಟೆ. ಮಸಿ ಇರಲಿಲ್ಲವಲ್ಲ, ಬೆರಳಾಡಿಸಿ ಓದಿದ. ‘ಗೆದ್ದೇ ಬಿಟ್ಟಿದ್ದೀವಲ್ಲೋ ಅಣ್ಣಾ’ ಅಂತ ನಕ್ಕ. ನಗ್ತಾ ನಗ್ತಾನೇ ಹೋದ.”

ಸಿಂಗಣ್ಣ ತಿರುಗಿ ಬಂದಿರಲಿಲ್ಲ. ಅವನು ಬಿದ್ದ ಜಾಗವನ್ನು ಕಂಡವರು ಬಂದು ಹೇಳಿದ್ದರು.

“ಇದನ್ನು ಸುಡುತ್ತೇನೆ, ಬುದ್ಧಿ. ಅಪ್ಪಣೆ ಕೊಡಿ.”

“ಸುಡು. ಹಿಂಬದಿಯಲ್ಲಿ ಏನಿದೆ?”

ಬೊಮ್ಮಣ್ಣ ತಡೆದು ಹೇಳಿದ. “ಚಳಿಜ್ವರದ ಕಷಾಯ.”

“ಹಳೆಯ ಪುಸ್ತಕ?”

“ವಾಡಿಕೆಯಂತೆ ಹೊಳೆಗೆ ಬಿಟ್ಟಾಯಿತು.”

“ಬೇರೆ ಓಲೆ?”

“ಒಂದೂ ಇಲ್ಲ. ಓಲೆ ತರುವವರ ದಾರಿ ಮುಚ್ಚಿದೆ. ಕಷಾಯವನ್ನು ಲಿಂಗವ್ವನಿಗೆ ಬಾಯಲ್ಲೇ ಹೇಳಿಬಿಡುತ್ತೇನೆ.”

“ಅವಳ ಅತ್ತೆಯೂ ಬಾಯಲ್ಲೇ ಇಟ್ಟುಕೊಂಡಿದ್ದಳಂತೆ.”

ಬೊಮ್ಮಣ್ಣ ಬೆಂಕಿಯಿಂದ ಸ್ವಲ್ಪ ಹಿಂದೆ ಸರಿದ. ಆದರೂ ಸಮಾಧಾನವಾಗಲಿಲ್ಲ.

“ಅರಸನಿಲ್ಲದೆ ಪುಸ್ತಕ ಮುಗಿಯುವುದು ಹೇಗೆ, ಬುದ್ಧಿ? ಈಗ ಆಳುವವರು ಯಾರು ಎಂದು ಬರೆಯಲಿ?”

“ಜಗಲಿಯ ಮೇಲೆ ಕೂತವಳನ್ನು ಕೇಳಿಕೊಂಡು ಬಾ.”

ಬೊಮ್ಮಣ್ಣ ಹೋಗಿ ಕೇಳಿದ. ಲಿಂಗವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಯಾರು ಆಳ್ತಾರೆ ಅಂದ್ರೆ? ನಮ್ಮ ಹಟ್ಟೀಲಿ ಜ್ವರ ಆಳ್ತಾ ಐತೆ. ಓಲೆ ಕೊಡ್ತೀಯೋ ಇಲ್ವೋ?”

ಅವನು ಒಳಗೆ ಬಂದಾಗ ಒಡೆಯರು ಮಸಿಯ ಬಟ್ಟಲನ್ನು ಅವನ ಮುಂದೆ ಸರಿಸಿದರು.

“ಕೊನೆಯ ಓಲೆಗೆ ತಾವಲ್ಲವೇ ಹಚ್ಚುವುದು?”

“ಈ ಸಲ ನೀನು ಹಚ್ಚು.”

ಬೊಮ್ಮಣ್ಣ ಕಷಾಯದ ಬದಿಗೆ ಮಸಿ ಹಚ್ಚಿದ. ಬಟ್ಟೆಯಿಂದ ಒರೆಸಿದ. ಬೇರು, ತೊಗಟೆ, ನೀರಿನ ಅಳತೆ, ಪಥ್ಯ, ಸಾಲು ಸಾಲಾಗಿ ಎದ್ದು ಬಂದವು.

ಆಮೇಲೆ ಓಲೆಯನ್ನು ಮಗುಚಿದ. ಅರಸನ ಸಾಲಿನ ಮೇಲೆ ಬೆರಳಾಡಿಸಿದ. ಕಣ್ಣು ತುಂಬಿ ಬಂತು. ಮಸಿಯ ಕೈ ಮೇಲೇಳಲಿಲ್ಲ.

“ಈ ಬದಿ, ಬುದ್ಧಿ?”

“ಅದನ್ನು ನಿನ್ನ ತಮ್ಮ ಓದಿ ಮುಗಿಸಿದ. ಕಷಾಯದ ಬದಿ ಓದಬೇಕಾದವಳು ಹೊರಗೆ ಕಾದು ಕೂತಿದ್ದಾಳೆ.”