ಮೂವರಿಗೂ "ನೀನೇ" ಅಂದ ಅಳಿಲು

ಮಕ್ಕಳೇ, ಕೇಳಿ ಇಲ್ಲಿ. ಅಳಿಲು ಚಿಗುರನಿಗೆ ನಂಬೋಕೇ ಆಗದಂಥದ್ದು ಆಗೋಯ್ತು. ನಾನು ಹೇಳಿದ್ರೆ ನೀವು ನಂಬಲ್ಲ ಬಿಡಿ, ಅವನೇ ಇನ್ನೂ ನಂಬಿಲ್ಲ. ತನ್ನ ಬಾಲ ತಾನೇ ಕಚ್ಚಿ ನೋಡ್ಕೊಂಡ. ನೋವಾಯ್ತು, ಅಂದ್ರೆ ಕನಸಲ್ಲ. ಬೆಳ್ಳಕ್ಕಿ ಕೆರೆ ಫುಟ್‌ಬಾಲ್ ಟೀಮಿನ ಕೋಚು ಇದ್ದಾಳಲ್ಲ, ಉಡ ಗೋದಜ್ಜಿ, ಅವಳು ಮರದ ಮೇಲಿದ್ದ ಚಿಗುರನ್ನ ಕೆಳಕ್ಕೆ ಕರೆದು, "ಈ ಸಲ ಮಿಡ್‌ಫೀಲ್ಡಿಗೆ ಯಾರು ಅಂತ ನೀನೇ ಆರಿಸಪ್ಪ" ಅಂದ್ಬಿಟ್ಟಳು.

ತಾಳಿ ತಾಳಿ, ಮೊದಲಿಂದ ಹೇಳ್ತೀನಿ.

ಕಾಡಿನ ಅಂಚಲ್ಲಿ ಬೆಳ್ಳಕ್ಕಿ ಕೆರೆ. ಬೇಸಿಗೆ ಬಂತು ಅಂದ್ರೆ ನೀರು ಬತ್ತಿ, ಕೆರೆಯಂಗಳ ಒಣಗಿ, ಎಲ್ಲರೂ ತುಳಿದು ತುಳಿದು ಒಳ್ಳೇ ಮೈದಾನ ಆಗೋಗುತ್ತೆ. ಈ ಕಡೆ ಎರಡು ಹುತ್ತ, ಆ ಕಡೆ ಎರಡು ಈಚಲ ಮರ, ಅವೇ ಗೋಲು. ಚಕ್ಕೋತ ಹಣ್ಣೇ ಚೆಂಡು. ಒಂದೊಂದು ಟೀಮಿಗೆ ಐದೈದು ಜನ. ಆಟ ಮುಗಿದ ಮೇಲೆ ಗೆದ್ದೋರು ಆ ಚಕ್ಕೋತ ಸುಲಿದು ತೊಳೆ ತೊಳೆ ಹಂಚ್ಕೊಂಡು ತಿನ್ನೋದು ರೂಢಿ. ಮಳೆ ಬಂದು ಕೆರೆ ತುಂಬೋವರೆಗೂ ಇದೇ ಸಂಭ್ರಮ.

ಆಡೋರು ಹತ್ತು ಜನ ಆದ್ರೆ ಮಾತಾಡೋರು ಕಾಡೆಲ್ಲ. ದಡದ ಮೇಲಿನ ಹೊಂಗೆ ಮರ ಪೂರ್ತಿ ಅಭಿಮಾನಿಗಳದ್ದು. ಅದರಲ್ಲೂ ಮೂರು ಬಾಯಿ ಜೋರು: ಕಾಗೆ ಕರಿಯಣ್ಣ, ಗೊರವಂಕ ಪದ್ದಕ್ಕ, ಮತ್ತೆ ನಮ್ಮ ಚಿಗುರ. ಚಿಗುರ ಎಲ್ಲರಿಗಿಂತ ಚಿಕ್ಕೋನು, ಆದ್ರೆ ಬಾಯಿ ತೆಗೆದ ಅಂದ್ರೆ ಹೊಂಗೆ ಎಲೆ ಕೂಡ ಅಲ್ಲಾಡೋದು ನಿಲ್ಲಿಸಿ ಕೇಳ್ಬೇಕು, ಹಂಗೆ.

ಆಟ ಶುರುವಾಗೋ ಮುಂಚೆ ಈ ವರ್ಷ ಒಂದೇ ಚರ್ಚೆ. ಅಲ್ಲಿವರೆಗೂ ನಡುವಲ್ಲಿ, ಅದೇ ಮಿಡ್‌ಫೀಲ್ಡಲ್ಲಿ, ಆಡ್ತಿದ್ದ ಮುಳ್ಳುಹಂದಿಗೆ ವಯಸ್ಸಾಯ್ತು, ಇನ್ನು ಕೈಲಾಗಲ್ಲ ಅಂತ ಬಿಟ್ಟ. ಗೋಲು ಕಾಯೋಕೆ ಕಾಡುಹಂದಿ ಡೊಳ್ಳಪ್ಪ ಇದ್ದ, ಮುಂದೆ ನುಗ್ಗೋಕೆ ಜಿಂಕೆ ಅಣ್ಣತಮ್ಮಂದಿರು ಇಬ್ರು ಇದ್ರು. ಉಳಿದಿದ್ದು ನಡುವಿಗೆ ಒಂದು ಜಾಗ, ಹಿಂದೆ ತಡೆಯೋಕೆ ಒಂದು ಜಾಗ. ಆಸೆಪಟ್ಟೋರು ಮೂವರು: ಮುಂಗುಸಿ ಕೆಂಚ, ಮೊಲ ಬೂದ, ಕಾಡುಕೋಳಿ ಹುಂಜ ಜುಟ್ಟಪ್ಪ. ಮೂವರ ಕಣ್ಣೂ ನಡುವಿನ ಮೇಲೇ. ಯಾವ ಲೆಕ್ಕ ಹಾಕಿದ್ರೂ ಒಬ್ಬರು ದಡದಲ್ಲಿ ಕೂರಲೇಬೇಕು.

ಕರಿಯಣ್ಣ ಬೂದನ ಪರ. ಅವನ ಕಾಲು ನೋಡಿದೀರಾ, ಗಾಳಿಗಿಂತ ಜೋರು ಅಂತ. ಪದ್ದಕ್ಕ ಕೆಂಚನ ಪರ. ಒಮ್ಮೆ ಹಿಡಿದ ಅಂದ್ರೆ ಯಮ ಬಂದ್ರೂ ಚಕ್ಕೋತ ಬಿಡಲ್ಲ ಅಂತ. ಹೋದ ವರ್ಷ ಬೂದ ಓಡಿ ಓಡಿ ಚೆಂಡು ಬಿಟ್ಟು ಒಬ್ಬನೇ ಗೋಲಿನೊಳಗೆ ಹೋಗಿದ್ದನ್ನ ಪದ್ದಕ್ಕ ನೆನಪು ಮಾಡಿದಳು. ಅದಕ್ಕೆ ಕರಿಯಣ್ಣ ಸಿಟ್ಟಾಗಿ, ನಿಮ್ಮ ಕೆಂಚ ಪಾಸ್ ಅನ್ನೋ ಮಾತು ಯಾವತ್ತಾದ್ರೂ ಕೇಳಿದಾನಾ ಅಂತ ಕೆಣಕಿದ. ಹಿಂಗೇ ಬೆಳಿಗ್ಗೆಯಿಂದ ಸಂಜೆವರೆಗೂ.

ಕೊನೆಗೆ ಚಿಗುರ ಕೊಂಬೆ ತುದಿಗೆ ಬಂದು ನಿಂತ.

"ಕೆಂಚ ನನ್ನ ದೋಸ್ತ್, ಆದ್ರೂ ಹೇಳ್ತೀನಿ," ಅಂದ. "ಹಾವು ಕಂಡಂಗೆ ಚಕ್ಕೋತಾನೇ ನೋಡ್ತಾನೆ ಅವನು, ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತೇ ಆಗಲ್ಲ. ಬೂದನಿಗೆ ಓಡೋದು ಗೊತ್ತು, ತಿರುಗೋದು ಗೊತ್ತಿಲ್ಲ. ಅವನು ಹಿಂದೆ ಇರಲಿ. ಜುಟ್ಟಪ್ಪನ್ನ ನೋಡಿ, ಕತ್ತು ಒಂದು ಕ್ಷಣ ಸುಮ್ನಿರಲ್ಲ, ಆ ಕಡೆ ಈ ಕಡೆ ಎಲ್ಲಾ ಕಾಣುತ್ತೆ ಅವನಿಗೆ. ನಡುವಿಗೆ ಅವನೇ. ಕೆಂಚ ದಡದಲ್ಲಿ ಕೂತ್ಕೊಳ್ಲಿ. ಇಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾ?"

ಮರದ ಕೆಳಗೆ ಗೋದಜ್ಜಿ ಕಲ್ಲಿನ ಮೇಲೆ ಬಿಸಿಲು ಕಾಯಿಸ್ತಾ ಎಲ್ಲಾ ಕೇಳಿಸ್ಕೊಳ್ತಿದ್ದಳು. ಆವಾಗಲೇ ಅವನನ್ನ ಕರೆದಿದ್ದು. ನೀನೇ ಆರಿಸು ಅಂದಾಗ ಚಿಗುರನ ಬಾಲ ಚಾಮರದ ಥರ ಎದ್ದು ನಿಂತ್ಕೊಂಡಿತು. ಕರಿಯಣ್ಣ, ಪದ್ದಕ್ಕ ಕೊಕ್ಕು ತೆಗೆದೋರು ಮುಚ್ಚಲಿಲ್ಲ.

"ಆದ್ರೆ ನಮ್ಮ ಕೆರೆ ರೂಢಿ ಗೊತ್ತಲ್ಲ," ಅಂದಳು ಗೋದಜ್ಜಿ. "ಆರಿಸಿದೋರೇ ಹೋಗಿ ಹೇಳಿ ಬರಬೇಕು. ಜಾಗ ಸಿಕ್ಕಿದೋರ ಬಾಗಿಲಿಗೂ, ಸಿಗದೇ ಇರೋರ ಬಾಗಿಲಿಗೂ. ಬೇರೆಯೋರ ಕೈಲಿ ಹೇಳಿ ಕಳಿಸೋ ಹಂಗಿಲ್ಲ."

ಅಷ್ಟೇನಾ ಅಂತ ಚಿಗುರ ಹಾರ್ಕೊಂಡು ಹೊರಟ. ಮೊದಲು ಕೆಂಚನ ಬಿಲ. ಕಷ್ಟದ್ದು ಮೊದಲು ಮುಗಿಸೋಣ ಅಂತ. ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡ: ನೋಡಪ್ಪಾ ಕೆಂಚ, ಆಟ ಆಟವೇ, ದೋಸ್ತಿ ದೋಸ್ತಿಯೇ.

ಹುಣಸೆ ಬುಡದ ಬಿಲದ ಬಾಗಿಲಿಗೆ ಹೋದ್ರೆ, ಎದುರಿಗೆ ಬಂದಿದ್ದು ಕೆಂಚನ ಅವ್ವ.

"ಬಾರಪ್ಪಾ ಚಿಗುರ," ಅಂದಳು. "ನೀನು ಬರ್ತೀಯ ಅಂತ ಸುದ್ದಿ ಬಂದಾಗಿಂದ ಇವನು ಬಾಗಿಲು ಬಿಟ್ಟು ಅಲ್ಲಾಡಿಲ್ಲ."

ಅವ್ವನ ಹಿಂದೆ ಕೆಂಚ. ಚಿಗುರನ ಬಾಯನ್ನೇ ನೋಡ್ತಿದ್ದ. ಚಿಗುರ ಮರಿಯಾಗಿದ್ದಾಗ ಗೂಡಿಗೆ ಕೇರೆಹಾವು ಹತ್ತಿತ್ತು. ಬುಡದಲ್ಲಿ ನಿಂತು ಅದರ ಬಾಲ ಹಿಡಿದು ಎಳೆದಿದ್ದು ಇದೇ ಕೆಂಚ. ಅದೆಲ್ಲ ಯಾಕೆ ಆಗಲೇ ನೆನಪಾಗ್ಬೇಕು ಹೇಳಿ? ಕೊಂಬೆ ಮೇಲೆ ನೀರು ಹರಿದಂಗೆ ಹರಿದ ಮಾತು ಇಲ್ಲಿ ಒಂದೂ ಹೊರಡಲಿಲ್ಲ.

"ನಡುವಿಗೆ... ನೀನೇ ಕಣೋ," ಅಂದುಬಿಟ್ಟ ಚಿಗುರ.

ಕೆಂಚ ಮೂರು ಪಲ್ಟಿ ಹೊಡೆದ. ಅವ್ವ ಕಣ್ಣೊರೆಸ್ಕೊಂಡಳು. ಚಿಗುರನಿಗೂ ಖುಷಿಯಾಯ್ತು, ಅದೇ ನೋಡಿ ಮೋಸ. ಸುಳ್ಳು ಹೇಳಿದಂಗೇ ಅನ್ನಿಸಲಿಲ್ಲ, ಒಳ್ಳೇದು ಮಾಡಿದಂಗೆ ಅನ್ನಿಸ್ತು.

ಬೂದನ ಪೊದೆಗೆ ಹೋಗೋಷ್ಟೊತ್ತಿಗೆ ಅಭ್ಯಾಸ ಆಗೋಗಿತ್ತು. ಬೂದ ಕಿವಿ ಇಳಿಬಿಟ್ಕೊಂಡು, ನಾನು ಹಿಂದೇನೇ ತಾನೇ, ಹೇಳ್ಬಿಡು ಅಂದ. ಪಾಪ ಅನ್ನಿಸ್ತು. ಅವನಿಗೂ "ನೀನೇ" ಅಂದ. ಆಮೇಲೆ ಜುಟ್ಟಪ್ಪನಿಗೆ ಹೇಳಿದ. ಅದೊಂದು ಮಾತ್ರ ನಿಜ. ಆಟದ ದಿನ ಅವರವರೇ ಮಾತಾಡ್ಕೊಂಡು ಏನೋ ಒಂದು ಮಾಡ್ಕೋತಾರೆ ಅಂದ್ಕೊಂಡು ಗೂಡಿಗೆ ಬಂದು ಮಲಗಿದ. ಗೋದಜ್ಜಿ ಹೇಳಿ ಬಂದ್ಯಾ ಅಂದಿದ್ದಕ್ಕೆ, ಮೂವರಿಗೂ ಹೇಳಿದೀನಿ ಅಂದ. ಅದು ಸುಳ್ಳಲ್ಲವಲ್ಲ.

ಮೊದಲ ಆಟ ಗುಡ್ಡದ ಮುಸುವ ಕೋತಿಗಳ ಜೊತೆ. ಹೊಂಗೆ ಮರ ತುಂಬಿ ತುಳುಕ್ತಿತ್ತು. ಬೆಳ್ಳಕ್ಕಿ ಕೆರೆಯೋರು ಇಳಿದ್ರು ನೋಡಿ, ಐದರ ಬದಲು ಆರು ಜನ. ಅದರಲ್ಲಿ ಮೂವರು ಮೈದಾನದ ನಟ್ಟನಡುವೆ, ಒಬ್ಬರ ಕಾಲ ಮೇಲೆ ಒಬ್ಬರು. ಹಿಂದೆ ತಡೆಯೋಕೆ ಯಾರೂ ಇಲ್ಲ, ಡೊಳ್ಳಪ್ಪ ಒಬ್ಬನೇ ಹುತ್ತಗಳ ನಡುವೆ ಪಿಳಿಪಿಳಿ ಕಣ್ಣು ಬಿಡ್ತಿದ್ದ.

ರೆಫ್ರಿ ಕೊಕ್ಕರೆ ಮೇಷ್ಟ್ರು ಒಂಟಿ ಕಾಲಲ್ಲಿ ನಿಂತು ಎಣಿಸಿದ್ರು. ಒಬ್ಬರು ಹೊರಗೆ ಹೋಗಿ ಅಂದ್ರು. ಹೊಂಗೆ ನೆರಳು ಹುತ್ತ ಮುಟ್ಟೋದ್ರೊಳಗೆ ಆಟ ಶುರುವಾಗದಿದ್ರೆ ಸೋತಂಗೆ ಅಂತಾನೂ ಹೇಳಿದ್ರು. ಯಾರು ಹೋಗ್ತಾರೆ? ಚಿಗುರ ನನಗೇ ಹೇಳಿದ್ದು ಅಂತ ಬೂದ. ನನ್ನ ಬಾಗಿಲಿಗೆ ಬಂದು ಹೇಳಿದ್ದು ಅಂತ ಜುಟ್ಟಪ್ಪ. ದಡದಲ್ಲಿ ಕೆಂಚನ ಅವ್ವ ಇದ್ದಳು, ಅವಳ ಪಕ್ಕ ದೂರದ ಬೇಲಿಯಿಂದ ಬಂದ ಚಿಕ್ಕಪ್ಪಂದಿರು, ಅತ್ತೆಯಂದಿರು, ಮರಿಗಳು ಎಲ್ಲಾ. ಕೆಂಚ ಅವರನ್ನ ನೋಡಿದ, ಆಮೇಲೆ ತಲೆಯೆತ್ತಿ ಮರ ನೋಡಿದ.

ಎಲ್ಲರೂ ಮರ ನೋಡಿದ್ರು. ಆರಿಸಿದೋರೇ ಹೇಳಬೇಕು ಅನ್ನೋದು ರೂಢಿ, ಗೋದಜ್ಜಿ ಕೂಡ ಮರಾನೇ ನೋಡಿದಳು.

ಪದ್ದಕ್ಕ ಮೆಲ್ಲಗೆ, "ಲೋ ಚಿಗುರ, ಹೇಳೋ, ಹೊತ್ತಾಗ್ತಿದೆ," ಅಂದಳು. ಹೇಳೋದಿರಲಿ, ಚಿಗುರ ಕಣ್ಣೂ ಬಿಡಲಿಲ್ಲ. ಎಲೆ ಮರೆಗೆ ಸರಿದು, ಬಾಲದಲ್ಲಿ ಮುಖ ಮುಚ್ಕೊಂಡ. ನೆರಳು ಹುತ್ತ ಮುಟ್ಟಿತು.

ಮುಸುವಗಳು ಒಂದು ಒದೆ ಕೂಡ ಒದೆಯದೆ ಗೆದ್ದವು. ಅಲ್ಲೇ ಕೂತು ಚಕ್ಕೋತ ಸುಲಿದು, ಬೀಜ ಉಗುಳ್ತಾ, ಹುಳಿ ಕಣೋ ಇದು ಅಂತ ನಕ್ಕೊಂಡು ತಿಂದವು. ಕೆಂಚನ ನೆಂಟರು ಒಬ್ಬೊಬ್ಬರೇ ಎದ್ದು ಹೋದ್ರು.

ಮಾರನೇ ದಿನ ಚಿಗುರ ಗೋದಜ್ಜಿ ಹತ್ರ ಹೋಗಿ, ನನ್ನ ಕೈಲಾಗಲ್ಲ, ನೀವೇ ಆರಿಸಿ ಅಂತ ಕೈಮುಗಿದ. ಅವಳು ಒಪ್ತಾಳಾ? ಉಡದ ಪಟ್ಟು ಅಂತ ಸುಮ್ನೆ ಅಂತಾರಾ? ಬೈಯಲೂ ಇಲ್ಲ ಅವಳು. ಆರಿಸೋದ್ರಲ್ಲಿ ನೀನು ತಪ್ಪಿರಲಿಲ್ಲ ಕಣೋ ಮಗ, ಹೋಗು, ಇನ್ನೊಂದು ಆಟ ಇದೆ ಅಂದಳು, ಅಷ್ಟೆ.

ಬೂದನಿಗೆ ಹಿಂದೆ, ಜುಟ್ಟಪ್ಪನಿಗೆ ನಡುವೆ ಅಂತ ಹೇಳಿದ್ದಾಯ್ತು. ಮತ್ತೆ ಹುಣಸೆ ಬುಡಕ್ಕೆ ಬಂದ. ಈ ಸಲ ಅವ್ವ ಹೊರಗೆ ಬರಲಿಲ್ಲ, ಕೆಂಚನೇ ಬಂದ.

"ಕೆಂಚ, ಈ ವರ್ಷ ನೀನು ದಡದಲ್ಲಿ," ಅಂದ ಚಿಗುರ. ನೆಲ ನೋಡಲಿಲ್ಲ, ಕೆಂಚನ ಮುಖಾನೇ ನೋಡಿ ಹೇಳಿದ. "ಪಕ್ಕದಲ್ಲಿರೋರನ್ನ ನೀನು ನೋಡಲ್ಲ. ಅದೊಂದು ಕಲಿತ್ರೆ ನಿನ್ನಂಥೋನು ಇಲ್ಲ."

ಕೆಂಚ ಬಾಗಿಲ ಮಣ್ಣು ಕೆದರಿದ.

"ಇದನ್ನ ಮೊನ್ನೆನೇ ಹೇಳಿದ್ರೆ ನಿನ್ನ ಮೇಲೆ ಮುನಿಸ್ಕೋತಿದ್ದೆ," ಅಂದ. "ಮುನಿಸು ಎಷ್ಟು ದಿನ ಇರುತ್ತೆ ಹೇಳು. ಆದ್ರೆ ಚಿಕ್ಕಪ್ಪಂದಿರನ್ನೆಲ್ಲ ಕರೀತಿರಲಿಲ್ಲ ಕಣೋ."

ಅಂದವನೇ ಒಳಗೆ ಹೋದ. ಚಿಗುರ ಬಾಗಿಲಲ್ಲೇ ಕೂತ. ಬಿಸಿಲು ಏರಿತು, ಇರುವೆಗಳು ಅವನ ಬಾಲ ಹತ್ತಿ ಇಳಿದವು, ಆದ್ರೂ ಎದ್ದು ಹೋಗಲಿಲ್ಲ. ಹೊಂಗೆ ಮರದಲ್ಲಿ ಆಗಲೇ ಮುಂದಿನ ಆಟದ ಚರ್ಚೆ ಶುರುವಾಗಿತ್ತು, ಕರಿಯಣ್ಣನ ದನಿ ಇಲ್ಲಿವರೆಗೂ ಕೇಳಿಸ್ತಿತ್ತು. ಒಳಗಿಂದ ಕೆಂಚ ಇನ್ನೂ ಬಂದಿಲ್ಲ.

ಈಗ ನೀವು ಹೇಳಿ. ಆ ಮೊದಲ ದಿನ ಆ ಬಾಗಿಲಲ್ಲಿ ನೀವು ನಿಂತಿದ್ರೆ, ಅವ್ವ ನಗುನಗ್ತಾ ಬಾರಪ್ಪಾ ಅಂದಿದ್ರೆ, ನೀವೇನು ಮಾಡ್ತಿದ್ರಿ?

ನೀತಿ: ಇಲ್ಲ ಅನ್ನೋದನ್ನ ಹೊತ್ತಿಗೆ ಸರಿಯಾಗಿ ಮುಖ ನೋಡಿ ಹೇಳಿದ್ರೆ ಗೆಳೆಯನಿಗೆ ನೋವಾಗುತ್ತೆ, ಹೇಳದೆ ಹೂಂ ಅಂದ್ರೆ ಅವನಿಗೆ ಅವಮಾನವೇ ಆಗುತ್ತೆ.