ಮೊದಲ ಸಲ ಕರಗಿದ ಪುಡಿ

ಗಲಗಲಿ ಮೇಡಂ ಅವರ ರಸಾಯನ ಪ್ರಯೋಗಾಲಯವನ್ನು ವಿದ್ಯಾರ್ಥಿಗಳು ಆಶ್ರಮವೆಂದೇ ಕರೆಯುತ್ತಿದ್ದರು. ಹೊಳೆಯ ಬದಲಿಗೆ ಅಲ್ಲೊಂದು ನಲ್ಲಿ, ಹೋಮಕುಂಡದ ಬದಲಿಗೆ ಒಂದು ಬರ್ನರು. ಮೌನಕ್ಕೆ ಮಾತ್ರ ಏನೂ ಕೊರತೆಯಿರಲಿಲ್ಲ.

ಬೇಸಿಗೆ ರಜೆಯಲ್ಲಿ ಸಂಶೋಧನೆ ಕಲಿಯಲೆಂದು, ಬಿ.ಎಸ್ಸಿ. ಓದುವ ನೀಲಾಂಬಿಕಾ ಮುದ್ದೇಬಿಹಾಳದಿಂದ ಅಲ್ಲಿಗೆ ಬಂದಿದ್ದಳು. ಎರಡು ಪದಾರ್ಥಗಳನ್ನು ಬೆಸೆದು ಮೂರನೆಯದೊಂದನ್ನು ಮಾಡುವುದು ಅವಳಿಗೆ ಕೊಟ್ಟ ಕೆಲಸ. ಬೇಸಿಗೆಯೆಲ್ಲ ಅದು ಕೈಕೊಡುತ್ತಲೇ ಹೋಯಿತು. ಕೊನೆಗೆ, ಊರಿಗೆ ಹೊರಡುವ ಹಿಂದಿನ ದಿನ, ಸೀಸೆಯ ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಉಳಿಯಿತು.

"ಎಷ್ಟಕ್ಕ ಕರಗ್ತದ ನೋಡು," ಎಂದರು ಮೇಡಂ. "ನೂರಾ ಐವತ್ತು ಡಿಗ್ರಿ ಇರಬಹುದು."

ನೀಲಾ ಪುಡಿಯನ್ನು ಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆಗೆ ತುಂಬಿದಳು. ಥರ್ಮಾಮೀಟರಿಗೆ ಕಟ್ಟಿ, ಎಣ್ಣೆಯಲ್ಲಿ ಇಳಿಬಿಟ್ಟು ಕಾಯಿಸಿದಳು. ನೂರಾ ಹದಿನೆಂಟಕ್ಕೇ ಅದು ಕರಗಿ ನೀರಾಯಿತು.

ಮೇಡಂ ಹೇಳಿದ್ದಕ್ಕಿಂತ ಮೂವತ್ತೆರಡು ಡಿಗ್ರಿ ಕಡಿಮೆ. ಪುಡಿ ತಪ್ಪಾದರೆ ಬೇಸಿಗೆಯೆಲ್ಲ ದಂಡ. ಮುಂದೆ ಮೇಡಂ ಹತ್ತಿರವೇ ಓದಬೇಕೆಂಬ ಆಸೆಯೂ ಅಲ್ಲಿಗೇ ಮುಗಿದಂತೆ.

"ನೂರಾ ನಲವತ್ತೊಂಬತ್ತಕ್ಕ ಕರಗಿತ್ರಿ ಮೇಡಂ," ಎಂದುಬಿಟ್ಟಳು.

ಮೇಡಂ ಅವಳ ಮುಖ ನೋಡಿದರು.

"ತಂಗಿ, ನನ್ನ ಅಂದಾಜು ಇಷ್ಟು ವರ್ಷದಾಗ ಒಮ್ಮೆನೂ ಖರೇ ಆಗಿಲ್ಲ. ಇವತ್ತ ಆಗೇದ ಅಂದ್ರ ಪೇಢೆ ತರಿಸಬೇಕಲ್ಲ?"

ನೀಲಾ ತಲೆ ತಗ್ಗಿಸಿದಳು. ಪಾಪ, ಅದು ಕಾಲೇಜಿನಿಂದ ಬಂದ ರೂಢಿ. ಅಲ್ಲಿ ಎಲ್ಲರೂ ಅಟೆಂಡರನ್ನು ಪುಸಲಾಯಿಸಿ, ಸರಿ ಉತ್ತರ ತಿಳಿದುಕೊಂಡೇ ಪ್ರಯೋಗಕ್ಕೆ ನಿಲ್ಲುತ್ತಿದ್ದರು.

"ನೂರಾ ಹದಿನೆಂಟ್ರಿ," ಎಂದಳು. "ತಪ್ಪಾತ್ರಿ ಮೇಡಂ. ಖರೇ ಉತ್ತರ ಎಷ್ಟ್ರಿ?"

"ನನಗ ಗೊತ್ತಿಲ್ಲ. ಹೋಗಿ ಹುಡುಕು."

ಅವಳು ಕಪಾಟಿನ ದಪ್ಪ ಪುಸ್ತಕಗಳನ್ನೆಲ್ಲ ಕೆಳಗಿಳಿಸಿದಳು. ಕಂಪ್ಯೂಟರಿನಲ್ಲಿ ಜಾಲಾಡಿದಳು. ಮಧ್ಯಾಹ್ನದ ಊಟವೂ ತಪ್ಪಿತು. ಅಲ್ಲಿ ಲಕ್ಷಗಟ್ಟಲೆ ಪದಾರ್ಥಗಳ ಹೆಸರುಗಳಿದ್ದವು. ಅವಳ ಪುಡಿ ಇರಲಿಲ್ಲ.

"ಎಲ್ಲೂ ಇಲ್ರಿ ಮೇಡಂ."

"ಹೆಂಗಿರ್ತದ? ನೀ ಮಾಡೋತನಕ ಅದು ಲೋಕದಾಗ ಇರಲೇ ಇಲ್ಲ."

ನೀಲಾ ಸೀಸೆಯ ಕಡೆ ತಿರುಗಿದಳು.

"ಮಣ್ಣಾಗೂ ಇಲ್ಲೇನ್ರಿ?"

"ಇಲ್ಲ."

"ಗಿಡದಾಗ? ಸಮುದ್ರದಾಗ?"

"ಎಲ್ಲೂ ಇಲ್ಲ."

"ಹಂಗಾದ್ರ ಮುಂಜಾನಿ ಅದು ಕರಗಿದ್ದು..."

"ಅದೇ ಮೊದಲು. ನೋಡಿದಾಕಿ ನೀ ಒಬ್ಬಾಕಿ. ಬಂದು ನನ್ನ ಅಂದಾಜು ನನಗೇ ಹೇಳಿದಿ."

ನೀಲಾಳ ಮೈ ಜುಮ್ಮೆಂದಿತು. ನಾಚಿಕೆಯೂ ಆಯಿತು, ಆದರೆ ನಾಚಿಕೆಗಿಂತ ದೊಡ್ಡದೇನೋ ಅವಳನ್ನು ಹಿಡಿದುಕೊಂಡಿತು. ಬೆಳಗಿನಿಂದ ತಪ್ಪು ತಪ್ಪೆಂದು ಶಪಿಸುತ್ತಿದ್ದ ಪುಡಿಯನ್ನು ಈಗ ಒಂದು ಕಣವೂ ಚೆಲ್ಲದಂತೆ ಎತ್ತಿಕೊಂಡಳು.

ಹೊಸ ನಳಿಗೆ ತುಂಬಿದಳು. ಉರಿ ಸಣ್ಣದು ಮಾಡಿದಳು.

"ನೀವೂ ಬಂದು ನೋಡ್ರಿ ಮೇಡಂ."

ಮೇಡಂ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತರು.

"ನಾ ನೋಡಂಗಿಲ್ಲ. ನೀ ಹೇಳಿದ್ದು ಕೇಳ್ತೀನಿ."

ನೀಲಾ ಭೂತಗನ್ನಡಿಗೆ ಕಣ್ಣು ಹಚ್ಚಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಣಗಳು ಒಂದಕ್ಕೊಂದು ಆತುಕೊಂಡವು, ಬೆವೆತವು, ನೋಡನೋಡುತ್ತಿದ್ದಂತೆ ಎಲ್ಲ ಸೇರಿ ಒಂದೇ ತಿಳಿ ಹನಿಯಾಯಿತು. ಇಷ್ಟು ಚೆಂದದ್ದನ್ನು ತಾನು ಜನ್ಮದಲ್ಲೇ ಕಂಡಿಲ್ಲ ಎಂದು ಅವಳಿಗೆ ಅನ್ನಿಸಿತು.

ಥರ್ಮಾಮೀಟರು ನೋಡಿದಳು. ನೂರಾ ಹದಿನೇಳು.

ಆಗಲೇ ಹದಿನೆಂಟು ಎಂದಾಗಿತ್ತು. ಮತ್ತೆ ಹದಿನೆಂಟೇ ಎಂದರೆ ಯಾರೂ ಕೇಳುವವರಿರಲಿಲ್ಲ. ಮೇಡಂ ಬೆನ್ನು ತಿರುಗಿಸಿಯೇ ನಿಂತಿದ್ದರು.

"ನೂರಾ ಹದಿನೇಳ್ರಿ," ಎಂದಳು ನೀಲಾ. "ಹದಿನೆಂಟಲ್ರಿ. ಮುಂಜಾನಿ ಗಡಬಡಿಸಿ ಕಾಸಿದ್ದೆ."

ಮೇಡಂ ಇತ್ತ ತಿರುಗಲಿಲ್ಲ.

"ಹಂಗಿದ್ರ ಅದು ನೂರಾ ಹದಿನೇಳಕ್ಕ ಕರಗ್ತದ."